ಪ್ಯಾಕೇಜ್ ಇಲ್ಲದೆ ಅಂಡಮಾನಿನಲ್ಲಿ ಸ್ಕೂಬಾ: ಏಳು ದಿನವನ್ನು ಹೇಗೆ ಹೊಂದಿಸಿಕೊಳ್ಳಬೇಕು?

(ಉತ್ತರಿಸುವವರು ಭಟ್ಕಳ ಕಡೆಯವರು. ಅಂಡಮಾನಿನ ಹ್ಯಾವ್‌ಲಾಕ್ ದ್ವೀಪದಲ್ಲಿ ಸ್ಕೂಬಾ ಕಲಿಸುತ್ತಾರೆ.)

ಪ್ರಶ್ನೆ, ದಾವಣಗೆರೆಯಿಂದ: ಸರ್, ನಮಸ್ಕಾರ. ನಾನು, ನಮ್ಮ ಯಜಮಾನರು, 11 ವರ್ಷದ ಮಗಳು ಫೆಬ್ರವರಿಯಲ್ಲಿ ಅಂಡಮಾನಿಗೆ ಹೋಗಬೇಕು ಅಂತಿದ್ದೇವೆ. ಏಳು ದಿನ ರಜೆ ಇದೆ. ಎಲ್ಲವನ್ನೂ ನಾವೇ ಬುಕ್ ಮಾಡಿಕೊಳ್ಳುತ್ತೇವೆ. ಯಜಮಾನರಿಗೆ ಈಜು ಬರುತ್ತದೆ, ಅವರಿಗೆ ಕೋರ್ಸ್ ಮಾಡಿ ಸರ್ಟಿಫಿಕೇಟ್ ತಗೊಳ್ಳುವ ಆಸೆ. ನನಗೆ ಈಜು ಬರಲ್ಲ. ಒಂದು ಸಲ ನೀರೊಳಗೆ ಹೋಗಿ ನೋಡಿದರೆ ಸಾಕು. ಪರಿಚಯದ ಟ್ರಾವೆಲ್ಸ್‌ನವರು ಒಂದು ಪಟ್ಟಿ ಕೊಟ್ಟಿದ್ದಾರೆ. ಅದರಲ್ಲಿ ದಿನಕ್ಕೊಂದು ದ್ವೀಪ ಇದೆ. ಕೊನೆಯ ದಿನ ಬೆಳಿಗ್ಗೆ ಪೋರ್ಟ್ ಬ್ಲೇರ್ ಹತ್ತಿರದ ನಾರ್ತ್ ಬೇನಲ್ಲಿ ಸ್ಕೂಬಾ, ಮಧ್ಯಾಹ್ನ ವಿಮಾನ. ಇದು ಸರಿ ಇದೆಯಾ?

ಉತ್ತರ: ಮೇಡಂ, ಮೊದಲು ಆ ಕೊನೆಯ ದಿನವನ್ನು ಹೊಡೆದುಹಾಕಿ. ಬೆಳಿಗ್ಗೆ ಸ್ಕೂಬಾ ಮಾಡಿ ಮಧ್ಯಾಹ್ನ ವಿಮಾನ ಹತ್ತಲೇಬಾರದು. ನೀರಿನಡಿ ಒತ್ತಡ ಜಾಸ್ತಿ. ಅಲ್ಲಿ ಉಸಿರಾಡಿದ ಗಾಳಿಯಲ್ಲಿರುವ ನೈಟ್ರೋಜನ್ ರಕ್ತದಲ್ಲಿ, ಮೈಯಲ್ಲಿ ಕರಗಿ ಸೇರಿಕೊಳ್ಳುತ್ತದೆ. ಮೇಲೆ ಬಂದ ಮೇಲೂ ಅದು ಹೊರಗೆ ಹೋಗುವುದಕ್ಕೆ ಗಂಟೆಗಟ್ಟಲೆ ಬೇಕು. ಹಾರುವ ವಿಮಾನದೊಳಗೆ ಗಾಳಿಯ ಒತ್ತಡ ನೆಲದ ಮೇಲಿರುವುದಕ್ಕಿಂತ ಕಡಿಮೆ ಇರುತ್ತದೆ. ಬಾಕಿ ಉಳಿದ ನೈಟ್ರೋಜನ್ ಅಲ್ಲಿ ಗುಳ್ಳೆಗಳಾದರೆ ಕೀಲುನೋವಿನಿಂದ ಹಿಡಿದು ಕೈಕಾಲು ಸ್ವಾಧೀನ ತಪ್ಪುವವರೆಗೂ ತೊಂದರೆ ಆಗಬಹುದು. ಡೈವರ್ಸ್ ಅಲರ್ಟ್ ನೆಟ್‌ವರ್ಕ್ ಸಂಸ್ಥೆ ಹೇಳುವ ಲೆಕ್ಕ ಹೀಗಿದೆ: ಒಂದೇ ಡೈವ್ ಆಗಿದ್ದರೆ ವಿಮಾನಕ್ಕೆ ಮುಂಚೆ ಕನಿಷ್ಠ 12 ಗಂಟೆ, ಹಲವು ಡೈವ್ ಅಥವಾ ಹಲವು ದಿನ ಮಾಡಿದ್ದರೆ ಕನಿಷ್ಠ 18 ಗಂಟೆ ಬಿಡಬೇಕು. ನಾನು ಎಲ್ಲರಿಗೂ ಪೂರ್ತಿ ಒಂದು ದಿನ ಬಿಡಿ ಅಂತಲೇ ಹೇಳುತ್ತೇನೆ.

ಈ ಒಂದು ನಿಯಮ ಇಟ್ಟುಕೊಂಡರೆ ಮಿಕ್ಕ ದಿನಗಳು ತಾವಾಗಿಯೇ ಕೂರುತ್ತವೆ. ಡೈವ್‌ಗಳೆಲ್ಲ ಪ್ರವಾಸದ ಮೊದಲ ಭಾಗಕ್ಕೆ ಬರಬೇಕು, ಊರು ನೋಡುವುದು ಕೊನೆಗೆ. ಹೆಚ್ಚಿನ ಪ್ಯಾಕೇಜುಗಳಲ್ಲಿ ಇದು ತಲೆಕೆಳಗಾಗಿರುತ್ತದೆ, ಅದಕ್ಕೇ ನೀವೇ ಯೋಜನೆ ಮಾಡಿಕೊಳ್ಳುತ್ತಿರುವುದು ಒಳ್ಳೆಯದಾಯಿತು.

ನಾನಾದರೆ ಹೀಗೆ ಮಾಡುತ್ತೇನೆ. ಒಂದನೇ ದಿನ ಬೆಂಗಳೂರಿನಿಂದ ನೇರ ವಿಮಾನದಲ್ಲಿ ಪೋರ್ಟ್ ಬ್ಲೇರ್. ಎರಡೂವರೆ ಗಂಟೆ ಸುಮಾರಿನ ಹಾರಾಟ. 2024ರಲ್ಲಿ ಈ ಊರಿಗೆ ಶ್ರೀ ವಿಜಯ ಪುರಂ ಅಂತ ಹೆಸರಿಟ್ಟರು. ಹ್ಯಾವ್‌ಲಾಕ್ 2018ರಿಂದಲೇ ಸ್ವರಾಜ್ ದ್ವೀಪ. ಬುಕಿಂಗ್ ಮಾಡುವಾಗ ಎರಡೂ ಹೆಸರು ಕಾಣುತ್ತವೆ, ಗಾಬರಿಯಾಗಬೇಡಿ. ಬೆಳಗಿನ ವಿಮಾನವಾದರೆ ಅವತ್ತೇ ಮಧ್ಯಾಹ್ನ ಹ್ಯಾವ್‌ಲಾಕ್‌ಗೆ ಹೋಗುವ ಫೆರ್ರಿ ಹಿಡಿಯಬಹುದು. ಆದರೆ ನಡುವೆ ಮೂರು ಗಂಟೆಯಾದರೂ ಇರಲಿ, ವಿಮಾನ ತಡವಾದರೆ ಫೆರ್ರಿ ನಿಮಗೋಸ್ಕರ ಕಾಯುವುದಿಲ್ಲ. ಖಾಸಗಿ ಫೆರ್ರಿಗಳು ಒಂದೂವರೆಯಿಂದ ಎರಡು ಗಂಟೆಯಲ್ಲಿ ಹೋಗುತ್ತವೆ. ಸರ್ಕಾರಿ ಹಡಗು ನಿಧಾನ, ಟಿಕೆಟ್ ಅಗ್ಗ.

ಎರಡು, ಮೂರು, ನಾಲ್ಕನೇ ದಿನ ಯಜಮಾನರ ಓಪನ್ ವಾಟರ್ ಕೋರ್ಸ್, ಅಂದರೆ ಸ್ಕೂಬಾದ ಮೊದಲ ಸರ್ಟಿಫಿಕೇಟ್ ಕೋರ್ಸ್. ಥಿಯರಿ ಪಾಠವನ್ನು ಊರಲ್ಲೇ ಆನ್‌ಲೈನ್‌ನಲ್ಲಿ ಓದಿ ಮುಗಿಸಿ ಬರಲಿ. ಇಲ್ಲದಿದ್ದರೆ ಇಲ್ಲಿ ಕಡಲು ಎದುರಿಗಿಟ್ಟುಕೊಂಡು ರೂಮಿನಲ್ಲಿ ವಿಡಿಯೋ ನೋಡುತ್ತಾ ಕೂರಬೇಕಾಗುತ್ತದೆ. ಕೋರ್ಸಿಗೆ ಈಜು ಪರೀಕ್ಷೆ ಇದೆ: ನಿಲ್ಲದೆ 200 ಮೀಟರ್ ಈಜಬೇಕು, 10 ನಿಮಿಷ ನೀರಲ್ಲಿ ತೇಲಬೇಕು. ವೇಗ ಲೆಕ್ಕಕ್ಕಿಲ್ಲ. ಜನವರಿಯಲ್ಲಿ ಊರಿನ ಈಜುಕೊಳದಲ್ಲಿ ಒಮ್ಮೆ ನೋಡಿಕೊಳ್ಳಲಿ. ಕಡಲಲ್ಲಿ ನಾಲ್ಕು ಡೈವ್ ಆಗಬೇಕು. ಅದೆಲ್ಲ ಸರಿಯಾದರೆ 18 ಮೀಟರ್ ಆಳದವರೆಗೆ ಹೋಗುವ ಸರ್ಟಿಫಿಕೇಟ್ ಸಿಗುತ್ತದೆ.

ಐದನೇ ದಿನ ಖಾಲಿ ಬಿಡಿ. ಇದನ್ನು ಮಾತ್ರ ದಯವಿಟ್ಟು ಯಾವುದಕ್ಕೂ ಕೊಡಬೇಡಿ. ಗಾಳಿ ಎದ್ದು ಒಂದು ದಿನ ಬೋಟು ಹೋಗದಿರಬಹುದು. ಯಜಮಾನರಿಗೆ ಕಿವಿ ಕಟ್ಟಿ ಒಂದು ಡೈವ್ ಮುಂದೆ ಹೋಗಬಹುದು. ಆಗ ಈ ದಿನ ಕೈಹಿಡಿಯುತ್ತದೆ. ಖಾಲಿ ದಿನ ಇಲ್ಲದವರೇ ನೆಗಡಿ ಇದ್ದರೂ ಇವತ್ತೇ ಮುಗಿಸಿಬಿಡಿ ಅಂತ ಹಟ ಹಿಡಿಯುವುದು. ಎಲ್ಲ ಸುಸೂತ್ರವಾದರೆ ರಾಧಾನಗರ ಬೀಚಿಗೆ ಹೋಗಿ ಕೂರಿ.

ಆರನೇ ದಿನ ಬೆಳಿಗ್ಗೆ ಪೋರ್ಟ್ ಬ್ಲೇರ್‌ಗೆ ವಾಪಸ್, ಸೆಲ್ಯುಲರ್ ಜೈಲು, ರಾತ್ರಿ ಅಲ್ಲೇ. ಏಳನೇ ದಿನ ವಿಮಾನ. ಕೊನೆಯ ರಾತ್ರಿ ಪೋರ್ಟ್ ಬ್ಲೇರಿನಲ್ಲೇ ಇರಬೇಕಾದ್ದಕ್ಕೆ ಇನ್ನೊಂದು ಕಾರಣವೂ ಇದೆ. ಹವಾಮಾನ ಕೆಟ್ಟರೆ ಫೆರ್ರಿ ರದ್ದಾಗುತ್ತದೆ, ವಿಮಾನ ಮಾತ್ರ ಹೊರಟುಬಿಡುತ್ತದೆ. ನೀಲ್ ದ್ವೀಪವನ್ನು ಈ ಸಲ ಬಿಟ್ಟುಬಿಡಿ.

ಇನ್ನು ನಿಮ್ಮ ವಿಷಯ. ಈಜು ಬರದಿದ್ದರೂ ಟ್ರೈ ಡೈವ್, ಅಂದರೆ ಕೋರ್ಸ್ ಇಲ್ಲದೆ ಒಂದು ಸಲ ಇಳಿದು ನೋಡುವ ಡೈವ್, ಮಾಡಬಹುದು. ಮೊದಲು ಎದೆಮಟ್ಟದ ನೀರಲ್ಲಿ ಬಾಯಿಂದ ಉಸಿರಾಡುವುದು, ಮಾಸ್ಕ್‌ಗೆ ನುಗ್ಗಿದ ನೀರನ್ನು ಹೊರಹಾಕುವುದು, ಕೈಸನ್ನೆ ಇವನ್ನೆಲ್ಲ ಕಲಿಸುತ್ತಾರೆ. ಆಮೇಲೆ ಇನ್‌ಸ್ಟ್ರಕ್ಟರ್ ನಿಮ್ಮನ್ನು ಹಿಡಿದುಕೊಂಡೇ ಕರೆದೊಯ್ಯುತ್ತಾರೆ. 12 ಮೀಟರಿಗಿಂತ ಕೆಳಗೆ ಇಳಿಸುವ ಹಾಗಿಲ್ಲ. ಹವಳ, ಬಣ್ಣದ ಮೀನು ಎಲ್ಲ ಆರೇಳು ಮೀಟರಿನಲ್ಲೇ ಕಾಣುತ್ತವೆ. ನಿಮಗೊಬ್ಬರು, ಮಗಳಿಗೊಬ್ಬರು ಬೇರೆ ಬೇರೆ ಇನ್‌ಸ್ಟ್ರಕ್ಟರ್ ಬೇಕು ಅಂತ ಮೊದಲೇ ಹೇಳಿ. ಮಗಳಿಗೆ 10 ತುಂಬಿರುವುದರಿಂದ ಅವಳಿಗೂ ಅವಕಾಶ ಇದೆ. ಆದರೆ ನೀರಿಗಿಳಿಯುವ ಹೊತ್ತಲ್ಲಿ ಅವಳು ಬೇಡ ಅಂದರೆ ಅಲ್ಲಿಗೆ ಮುಗಿಯಿತು. ದುಡ್ಡು ಕಟ್ಟಿದ್ದೇವಲ್ಲ ಅಂತ ಯಾರೂ ಪುಸಲಾಯಿಸಬೇಡಿ.

ಪ್ರಶ್ನೆ, ಮೈಸೂರಿನಿಂದ: ನನಗೆ ಚಿಕ್ಕಂದಿನಲ್ಲಿ ಉಬ್ಬಸ ಇತ್ತು. ಈಗ ಏನೂ ಇಲ್ಲ, ಆದರೆ ನೆಗಡಿ ಬೇಗ ಹಿಡಿಯುತ್ತದೆ. ಡೈವ್ ಸೆಂಟರಿನ ಹೆಲ್ತ್ ಫಾರಂನಲ್ಲಿ ಎಲ್ಲದಕ್ಕೂ ‘ಇಲ್ಲ’ ಅಂತ ಬರೆದುಬಿಡು, ಸುಮ್ನೆ ಫಾರ್ಮಾಲಿಟಿ ಅಂತ ಗೆಳೆಯರು ಹೇಳಿದರು. ನಿಜವಾ?

ಉತ್ತರ: ಇಲ್ಲ, ಖಂಡಿತ ಹಾಗೆ ಮಾಡಬೇಡಿ. ಆ ಫಾರಂ ಇರುವುದು ನಿಮ್ಮ ಜೀವ ಉಳಿಸುವುದಕ್ಕೆ.

ಸಮುದ್ರದ ಮಟ್ಟದಲ್ಲಿ ನಮ್ಮ ಮೇಲೆ ಗಾಳಿಯ ಒಂದು ಪಟ್ಟು ಒತ್ತಡ ಇದೆ ಅಂತಿಟ್ಟುಕೊಳ್ಳಿ. 10 ಮೀಟರ್ ಇಳಿದರೆ ಅದು ಎರಡು ಪಟ್ಟಾಗುತ್ತದೆ. ಅಲ್ಲಿ ಶ್ವಾಸಕೋಶದಲ್ಲಿ ತುಂಬಿಕೊಂಡ ಗಾಳಿ ಮೇಲೆ ಬರುತ್ತಾ ಬರುತ್ತಾ ಎರಡರಷ್ಟು ಹಿಗ್ಗುತ್ತದೆ. ಮಾಮೂಲಾಗಿ ಉಸಿರಾಡುತ್ತಿದ್ದರೆ ಹಿಗ್ಗಿದ ಗಾಳಿ ತಾನಾಗಿ ಹೊರಗೆ ಹೋಗುತ್ತದೆ. ಅದಕ್ಕೇ ಸ್ಕೂಬಾದಲ್ಲಿ ಕಲಿಸುವ ಮೊದಲ ಪಾಠ, ಯಾವತ್ತೂ ಉಸಿರು ಕಟ್ಟಬೇಡಿ. ಆದರೆ ಉಬ್ಬಸದಲ್ಲಿ ಶ್ವಾಸನಾಳ ಬಿಗಿದುಕೊಂಡರೆ ಗಾಳಿ ಒಳಗೇ ಸಿಕ್ಕಿಬೀಳುತ್ತದೆ. ಶ್ವಾಸಕೋಶ ಹರಿಯಬಹುದು. ಟ್ಯಾಂಕಿನ ಒಣ ಗಾಳಿ, ಗಾಬರಿ, ಮೂಗಿಗೆ ಹೋದ ಉಪ್ಪುನೀರು ಇವೆಲ್ಲ ಉಬ್ಬಸವನ್ನು ಕೆರಳಿಸುವಂಥವೇ.

ಇದರರ್ಥ ನಿಮಗೆ ಸ್ಕೂಬಾ ಆಗುವುದೇ ಇಲ್ಲ ಅಂತಲ್ಲ. ಮೈಸೂರಿನಲ್ಲೇ ಶ್ವಾಸಕೋಶದ ಡಾಕ್ಟರ ಹತ್ತಿರ ಹೋಗಿ. ಸ್ಕೂಬಾ ಮಾಡಬೇಕು ಅಂತ ಬಾಯಿಬಿಟ್ಟು ಹೇಳಿ. ಊದಿಸಿ ನೋಡುವ ಸ್ಪೈರೋಮೆಟ್ರಿ ಪರೀಕ್ಷೆ ಮಾಡುತ್ತಾರೆ, ಬೇಕಾದರೆ ಓಡಿಸಿದ ಮೇಲೂ ಮಾಡುತ್ತಾರೆ. ಡಾಕ್ಟರ್ ಸಹಿ ಹಾಕಬೇಕಾದ ಹಾಳೆಯೂ ಅದೇ ಫಾರಂ ಜೊತೆ ಆನ್‌ಲೈನ್‌ನಲ್ಲಿ ಸಿಗುತ್ತದೆ. ಇದನ್ನು ಟಿಕೆಟ್ ಬುಕ್ ಮಾಡುವ ಮುಂಚೆಯೇ ಮುಗಿಸಿಕೊಳ್ಳಿ. ದ್ವೀಪಕ್ಕೆ ಬಂದ ಮೇಲೆ ಈ ಪರೀಕ್ಷೆಗೆಲ್ಲ ಅನುಕೂಲ ಇಲ್ಲ. ಡೈವಿಂಗ್ ತೊಂದರೆಗೆ ಬೇಕಾದ ಒತ್ತಡದ ಚೇಂಬರ್ ಇರುವುದು ಪೋರ್ಟ್ ಬ್ಲೇರಿನ ನೌಕಾಪಡೆ ಆಸ್ಪತ್ರೆ ಧನ್ವಂತರಿಯಲ್ಲಿ. ಹ್ಯಾವ್‌ಲಾಕ್‌ನಿಂದ ಅಲ್ಲಿಗೆ ಸಮುದ್ರ ದಾಟಿ ಹೋಗಬೇಕು. ಹೃದಯದ ಕಾಯಿಲೆ, ಮೂರ್ಛೆ, ಕಿವಿ ಆಪರೇಷನ್ ಆದವರಿಗೂ ಇದೇ ಮಾತು. ಗರ್ಭಿಣಿಯರಂತೂ ಡೈವ್ ಮಾಡಲೇಬಾರದು.

ನೆಗಡಿ ವಿಷಯಕ್ಕೆ ಬರುತ್ತೇನೆ. ಚಾರ್ಮಾಡಿ ಘಾಟಿ ಇಳಿಯುವಾಗ ಕಿವಿ ಕಟ್ಟಿಕೊಳ್ಳುತ್ತದಲ್ಲ, ನೀರಿಗಿಳಿದಾಗ ಆಗುವುದೂ ಅದೇ. ಆದರೆ ಇಲ್ಲಿ ಬಹಳ ಬೇಗ ಆಗುತ್ತದೆ, ಒಂದೆರಡು ಮೀಟರಿಗೇ ಗೊತ್ತಾಗುತ್ತದೆ. ಮೂಗು ಹಿಡಿದು, ಬಾಯಿ ಮುಚ್ಚಿ, ಮೆಲ್ಲಗೆ ಊದಿದರೆ ಕಿವಿ ಬಿಡುತ್ತದೆ. ನೋವು ಬರುವ ಮುಂಚೆಯೇ, ಪ್ರತಿ ಮೀಟರಿಗೂ ಹೀಗೆ ಮಾಡುತ್ತಾ ಇಳಿಯಬೇಕು. ಬಿಡದಿದ್ದರೆ ಒಂದು ಮೀಟರ್ ಮೇಲೆ ಬಂದು ಮತ್ತೆ ಪ್ರಯತ್ನಿಸಿ. ಜೋರಾಗಿ ಊದಬೇಡಿ. ನೆಗಡಿ ಇದ್ದಾಗ ಮೂಗಿನಿಂದ ಕಿವಿಗೆ ಹೋಗುವ ದಾರಿ ಊದಿಕೊಂಡಿರುತ್ತದೆ, ಎಷ್ಟು ಊದಿದರೂ ಬಿಡುವುದಿಲ್ಲ. ಹಟ ಮಾಡಿ ಇಳಿದರೆ ಕಿವಿಯ ತಮಟೆ ಹರಿಯಬಹುದು. ಮೂಗು ಬಿಡಿಸುವ ಮಾತ್ರೆ ನುಂಗಿ ಇಳಿಯುವುದೂ ಬೇಡ. ಆಳದಲ್ಲಿದ್ದಾಗ ಅದರ ಪ್ರಭಾವ ಇಳಿದುಹೋದರೆ ಮೇಲೆ ಬರುವಾಗ ಗಾಳಿ ಸಿಕ್ಕಿಕೊಳ್ಳುತ್ತದೆ.

ಪ್ರಶ್ನೆ, ಬೆಂಗಳೂರಿನಿಂದ: ಹ್ಯಾವ್‌ಲಾಕ್‌ನಲ್ಲಿ ಡೈವ್ ಸೆಂಟರ್‌ಗಳು ತುಂಬಾ ಇವೆ, ರೇಟು ಒಬ್ಬೊಬ್ಬರದು ಒಂದೊಂದು. ಯಾವುದನ್ನು ನಂಬುವುದು?

ಉತ್ತರ: ಹೆಸರು ಹೇಳುವುದಿಲ್ಲ, ಆದರೆ ಫೋನ್ ಮಾಡಿ ಏನು ಕೇಳಬೇಕು ಅಂತ ಹೇಳುತ್ತೇನೆ. ಒಬ್ಬ ಇನ್‌ಸ್ಟ್ರಕ್ಟರಿಗೆ ಎಷ್ಟು ಜನ? ಟ್ರೈ ಡೈವ್‌ಗೆ ಒಬ್ಬರಿಗೊಬ್ಬರು ಇರಬೇಕು. ಕೋರ್ಸಿಗೆ ನಾಲ್ವರಿಗಿಂತ ಜಾಸ್ತಿ ಇದ್ದರೆ ನಾನು ಹೋಗುವುದಿಲ್ಲ. ಬೋಟಿನಲ್ಲಿ ತುರ್ತಿಗೆ ಆಕ್ಸಿಜನ್ ಇದೆಯಾ? ಇದಕ್ಕೆ ತಡವರಿಸಿದರೆ ಅಲ್ಲಿಗೇ ಫೋನ್ ಇಡಿ. ಸ್ಕೂಬಾ ಕಲಿಕೆಗೆ ಸರ್ಟಿಫಿಕೇಟ್ ಕೊಡುವ ಸಂಸ್ಥೆಗಳಾದ ಪಾಡಿ ಅಥವಾ ಎಸ್‌ಎಸ್‌ಐ ಸದಸ್ಯತ್ವ ಇದೆಯಾ, ಕಲಿಸುವವರು ಯಾವ ಭಾಷೆ ಮಾತಾಡುತ್ತಾರೆ, ಬೋಟಿನ ಡೈವಾ ಅಥವಾ ದಡದಿಂದ ನಡೆದು ಹೋಗುವುದಾ, ಇವನ್ನೂ ಕೇಳಿ. ಹವಾಮಾನದಿಂದ ಡೈವ್ ರದ್ದಾದರೆ ದುಡ್ಡು ವಾಪಸ್ ಬರುತ್ತದಾ ಅನ್ನುವುದನ್ನು ಬರವಣಿಗೆಯಲ್ಲಿ ತಗೊಳ್ಳಿ.

ಓಪನ್ ವಾಟರ್ ಕೋರ್ಸಿಗೆ ಸುಮಾರು 30ರಿಂದ 40 ಸಾವಿರ ರೂಪಾಯಿ ಆಗುತ್ತದೆ. ಬಹಳ ಕಡಿಮೆ ಹೇಳಿದರೆ ಅದರಲ್ಲಿ ಸರ್ಟಿಫಿಕೇಟ್ ಶುಲ್ಕ, ಸಲಕರಣೆ ಬಾಡಿಗೆ ಸೇರಿದೆಯಾ ನೋಡಿ. ಮತ್ತೊಂದು ಮಾತು. ಬೋಟುಗಳು ಬೆಳಿಗ್ಗೆ ಬಹಳ ಬೇಗ ಹೊರಡುತ್ತವೆ. ಅಂಡಮಾನ್ ದೇಶದ ಪೂರ್ವದ ತುದಿಯಲ್ಲಿದೆ, ಗಡಿಯಾರ ಮಾತ್ರ ನಮ್ಮದೇ. ಫೆಬ್ರವರಿಯಲ್ಲಿ ಸಂಜೆ ಐದೂವರೆಗೆಲ್ಲ ಸೂರ್ಯ ಮುಳುಗುತ್ತಾನೆ. ಹಾಗಾಗಿ ಡೈವ್ ಸೆಂಟರ್ ಹತ್ತಿರವೇ, ವಿಜಯನಗರ ಬೀಚ್ ಕಡೆ ರೂಮ್ ಮಾಡಿದರೆ ಒಳ್ಳೆಯದು. ರಾಧಾನಗರ ಚೆಂದ, ಆದರೆ ದ್ವೀಪದ ಇನ್ನೊಂದು ಬದಿ.

ಪ್ರಶ್ನೆ, ಹಾಸನದಿಂದ: ಕನ್ನಡಕ ಮೈನಸ್ 4 ಇದೆ. ನೀರೊಳಗೆ ಏನಾದರೂ ಕಾಣುತ್ತದಾ?

ಉತ್ತರ: ಕಾಣುತ್ತದೆ. ಪವರ್ ಇರುವ ಮಾಸ್ಕ್ ಕೆಲವು ಸೆಂಟರ್‌ಗಳಲ್ಲಿ ಸಿಗುತ್ತವೆ, ನಿಮ್ಮ ನಂಬರ್ ಮೊದಲೇ ಹೇಳಿಡಿ. ಮೆತ್ತನೆಯ ಕಾಂಟ್ಯಾಕ್ಟ್ ಲೆನ್ಸ್ ಹಾಕಿಕೊಂಡೂ ಇಳಿಯಬಹುದು, ಮಾಸ್ಕ್‌ಗೆ ನೀರು ನುಗ್ಗಿದಾಗ ಕಣ್ಣು ಮುಚ್ಚಿಕೊಳ್ಳಿ. ದಿನಕ್ಕೊಂದು ಬಳಸಿ ಎಸೆಯುವ ಲೆನ್ಸ್ ಆದರೆ ಚಿಂತೆ ಕಡಿಮೆ.

ಪ್ರಶ್ನೆ, ಉಡುಪಿಯಿಂದ: ಅಣ್ಣ, ನಾನು ಎರಡು ವರ್ಷದ ಹಿಂದೆ ಓಪನ್ ವಾಟರ್ ಮುಗಿಸಿದೆ. ಆಮೇಲೆ ಡೈವ್ ಮಾಡಿಲ್ಲ. ಈ ಸಲ ಡಿಕ್ಸನ್ಸ್ ಪಿನಾಕಲ್, ಜಾನೀಸ್ ಗಾರ್ಜ್ ನೋಡಲೇಬೇಕು ಅಂತಿದೆ. ಆಗುತ್ತದಾ?

ಉತ್ತರ: ಮೊದಲ ದಿನವೇ ಬೇಡ ತಮ್ಮಾ. ಅವೆರಡೂ ಆಳದ ಜಾಗಗಳು, ನೋಡುವಂಥದ್ದೆಲ್ಲ 18 ಮೀಟರಿನಿಂದ ಕೆಳಗಿದೆ. ಸೆಳೆತವೂ ಇರುತ್ತದೆ. ನಿನ್ನ ಸರ್ಟಿಫಿಕೇಟಿನ ಮಿತಿ 18 ಮೀಟರ್. ಮೊದಲು ಕಲಿತದ್ದನ್ನು ಮತ್ತೆ ನೆನಪಿಸುವ ಒಂದು ರಿಫ್ರೆಶರ್ ಮಾಡು, ಅರ್ಧ ದಿನದ ಕೆಲಸ. ಮಾರನೇ ದಿನ ಲೈಟ್‌ಹೌಸ್ ಥರದ ಸುಲಭ ಜಾಗದಲ್ಲಿ ಎರಡು ಡೈವ್. ಗಾಳಿ ಎಷ್ಟು ಬೇಗ ಖಾಲಿಯಾಗುತ್ತದೆ, ನೀರಲ್ಲಿ ಒಂದೇ ಮಟ್ಟದಲ್ಲಿ ನಿಲ್ಲಲು ಆಗುತ್ತದಾ ಅಂತ ಅಲ್ಲಿ ಗೊತ್ತಾಗುತ್ತದೆ. ಅದು ಹಿಡಿತಕ್ಕೆ ಬಂದ ಮೇಲೆ ಅಡ್ವಾನ್ಸ್ಡ್ ಕೋರ್ಸ್ ಮಾಡಿದರೆ 30 ಮೀಟರ್‌ವರೆಗೆ ಹೋಗಬಹುದು. ಆಗ ಡಿಕ್ಸನ್ಸ್ ನೋಡು. ನೀರಲ್ಲಿ ನಿಲ್ಲಲು ಬಾರದವರು ಹವಳಕ್ಕೆ ಕಾಲು ತಾಗಿಸುತ್ತಾರೆ. 2010ರಲ್ಲಿ ನೀರು ಬಿಸಿಯಾಗಿ ಅಂಡಮಾನಿನ ಹವಳ ಬಹಳ ಕಡೆ ಬಿಳಿಚಿ ಸತ್ತಿತ್ತು. ಮತ್ತೆ ಬೆಳೆಯುತ್ತಿರುವುದನ್ನು ನಮ್ಮ ಕಾಲಿಗೆ ಹಾಕಿದ ಫಿನ್ಸ್‌ನಿಂದ ಮುರಿಯುವುದು ನೋಡಿದರೆ ಹೊಟ್ಟೆ ಉರಿಯುತ್ತದೆ.

ದಾವಣಗೆರೆಯಿಂದ ಮತ್ತೆ: ಸರ್, ಪಟ್ಟಿ ಹರಿದುಹಾಕಿದೆವು, ನೀವು ಹೇಳಿದಂತೆ ದಿನ ಹೊಂದಿಸಿದ್ದೇವೆ. ಇನ್ಶೂರೆನ್ಸ್ ಬೇಕಾ? ಮಗಳು ಕಪ್ಪೆಚಿಪ್ಪು ತರುತ್ತೇನೆ ಅಂತಿದ್ದಾಳೆ, ತರಬಹುದಾ?

ಉತ್ತರ: ಇನ್ಶೂರೆನ್ಸ್ ಬೇಕು. ಆದರೆ ಮಾಮೂಲಿ ಪ್ರವಾಸದ ಪಾಲಿಸಿಗಳಲ್ಲಿ ಸ್ಕೂಬಾ ಬಿಟ್ಟುಹೋಗಿರುವುದೇ ಜಾಸ್ತಿ. ಪಾಲಿಸಿ ಓದಿ, ಸ್ಕೂಬಾ ಅಂತ ಬರೆದಿದ್ದರೆ ಮಾತ್ರ ತಗೊಳ್ಳಿ, ಎಷ್ಟು ಮೀಟರ್‌ವರೆಗೆ ಅಂತಲೂ ನೋಡಿ. ಚಿಪ್ಪು, ಹವಳದ ತುಂಡು ಬೀಚಿನಲ್ಲಿ ಬಿದ್ದಿದ್ದರೂ ತರುವಂತಿಲ್ಲ. ಹವಳಕ್ಕೆ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ರಕ್ಷಣೆ ಇದೆ, ವಿಮಾನ ನಿಲ್ದಾಣದಲ್ಲಿ ಬ್ಯಾಗ್ ತೆಗೆಸುತ್ತಾರೆ. ಮಗಳಿಗೆ ಫೋಟೋ ತೆಗೆದುಕೊಳ್ಳಲು ಹೇಳಿ. ಬೀಚಿನಲ್ಲಿ ಮೊಸಳೆ ಎಚ್ಚರಿಕೆಯ ಬೋರ್ಡ್ ಇದ್ದರೆ ಅಲ್ಲಿ ಕಾಲೂ ಅದ್ದಬೇಡಿ. ಸ್ವಲ್ಪ ನಗದು ಇಟ್ಟುಕೊಳ್ಳಿ, ನೆಟ್‌ವರ್ಕ್ ಕೈಕೊಟ್ಟರೆ ಯುಪಿಐ ನಡೆಯುವುದಿಲ್ಲ.

ಇನ್ನೊಂದು, ಯಜಮಾನರಿಗೆ ಮೂರು ದಿನದ ಕೋರ್ಸ್ ಒಗ್ಗುತ್ತದಾ ಅಂತ ಅನುಮಾನ ಇದ್ದರೆ ನಮ್ಮ ನೇತ್ರಾಣಿ ದ್ವೀಪ ಇದೆಯಲ್ಲ. ಮುರುಡೇಶ್ವರದಿಂದ ಬೋಟಿನಲ್ಲಿ ಒಂದೂವರೆ ಗಂಟೆ ಚಿಲ್ಲರೆ. ಡಿಸೆಂಬರ್, ಜನವರಿಯಲ್ಲಿ ಒಂದು ಶನಿವಾರ ಅಲ್ಲಿ ಟ್ರೈ ಡೈವ್ ಮಾಡಿ ನೋಡಲಿ. ಬೋಟು ಕುಲುಕುತ್ತದೆ. ವಾಂತಿ ಬರುವವರು ಹತ್ತುವ ಮುಂಚೆಯೇ ಮಾತ್ರೆ ತಗೊಳ್ಳಬೇಕು. ಆದರೆ ನಿದ್ದೆ ಬರಿಸದ ಮಾತ್ರೆಯನ್ನೇ ಕೊಡಿ ಅಂತ ಡಾಕ್ಟರಿಗೆ ಹೇಳಿ.