ಟರ್ನ್‌ಟೇಬಲ್ ನೋಡೋಕೆ ಹೋಗುವಾಗ ಯಾವ ಎಲ್‌ಪಿ ಒಯ್ಯಲಿ?

ಶನಿವಾರ ರೆಕಾರ್ಡ್ ನುಡಿಸುವ ಟರ್ನ್‌ಟೇಬಲ್, ಸ್ಪೀಕರ್ ಕೇಳಿ ನೋಡೋಕೆ ಅಂಗಡಿಗೆ ಹೊರಟಿದ್ದೇನೆ. ಅಪ್ಪನ ಕಾಲದ ನಲವತ್ತು ಎಲ್‌ಪಿ ರೆಕಾರ್ಡ್ ಮನೆಯಲ್ಲಿವೆ. ಯಾವ ಮೂರು ಒಯ್ಯಲಿ? ಅನುಭವ ಇರುವವರು ಹೇಳಿ.

— ತಂಬೂರಿ ಚೆನ್ನಾಗಿ ಕೇಳುವ ಒಂದು ಗಾಯನ ಇರಲೇಬೇಕು ಸರ್. ಗಂಗೂಬಾಯಿ ಹಾನಗಲ್ಲರದ್ದಿದ್ದರೆ ಇನ್ನೂ ಒಳ್ಳೇದು. ಅವರ ಆ ಭಾರದ ದನಿ ತೆಳುವಾಗಿ ಕೇಳಿಸಿದರೆ ಆ ಸ್ಪೀಕರ್ ಬಿಟ್ಟುಬಿಡಿ. ಹಿಂದೆ ತಂಬೂರಿ ಒಂದೇ ಶ್ರುತಿಯಲ್ಲಿ ನಿಂತಿರುತ್ತಲ್ಲ, ತಿರುಗುವ ವೇಗ ಒಂಚೂರು ಅಲುಗಿದರೂ ಷಡ್ಜವೇ ತೇಲಾಡುತ್ತೆ. ಡ್ರಮ್ಸ್ ಗದ್ದಲದಲ್ಲಿ ಇದು ಮುಚ್ಚಿಹೋಗುತ್ತೆ. ನಾನು ಮೋಸ ಹೋಗಿದ್ದೇ ಹಾಗೆ: ಅಂಗಡಿಯಲ್ಲಿ ಹಾಕಿದ ರಾಕ್ ಕೇಳಿ ಮರುಳಾಗಿ ದುಡ್ಡು ಕೊಟ್ಟೆ, ಅದೇ ಸಂಜೆ ಮನೆಯಲ್ಲಿ ತಂಬೂರಿ ತೂಕಡಿಸಿತು! ಆದರೂ ಯಂತ್ರಕ್ಕೆ ಬೈಯುವ ಮುಂಚೆ ಇನ್ನೊಂದು ರೆಕಾರ್ಡ್ ಹಾಕಿ ನೋಡಿ. ನಡುವಿನ ತೂತು ಸರಿಯಾಗಿ ಮಧ್ಯಕ್ಕಿಲ್ಲದಿದ್ದರೂ ಸುತ್ತಿಗೊಮ್ಮೆ, ಅಂದರೆ 1.8 ಸೆಕೆಂಡಿಗೊಮ್ಮೆ, ಹೀಗೇ ಆಗುತ್ತೆ. ಆಗ ಮುಳ್ಳು ಹೊತ್ತ ತೋಳು, ಅಂದರೆ ಟೋನ್‌ಆರ್ಮ್, ಅತ್ತಿತ್ತ ತೂಗೋದು ಕಣ್ಣಿಗೇ ಕಾಣುತ್ತೆ.

— ಯಾವ ಎಲ್‌ಪಿ ಅನ್ನೋದಕ್ಕಿಂತ ಯಾವ ಹಾಡು ಅನ್ನೋದು ಮುಖ್ಯ. ರೆಕಾರ್ಡಿನ ಒಂದು ಬದಿಯ ಕೊನೇ ಹಾಡು ಹಾಕಿಸಿ. ನಿಮಿಷಕ್ಕೆ 33⅓ ಸುತ್ತು ಎಲ್ಲೆಡೆ ಒಂದೇ ಆದರೂ, ಹೊರ ಅಂಚಿನಲ್ಲಿ ಮುಳ್ಳಿನಡಿ ಸೆಕೆಂಡಿಗೆ ಸುಮಾರು 50 ಸೆಂ.ಮೀ. ಗೀರು ಸರಿದರೆ, ಲೇಬಲ್ ಹತ್ತಿರ 20ರ ಆಸುಪಾಸು ಅಷ್ಟೇ. ಸದ್ದೆಲ್ಲ ಇಕ್ಕಟ್ಟಾಗಿ ಕೂತಿರುತ್ತೆ. ಮುಳ್ಳು ಕೂತಿರುವ ಕಾರ್ಟ್ರಿಜ್ ನೆಟ್ಟಗೆ ಕೂರಿಸಿಲ್ಲದಿದ್ದರೆ ‘ಸ’, ‘ಶ’ ಬಂದಲ್ಲೆಲ್ಲ ಕಾದ ಹೆಂಚಿಗೆ ನೀರು ಚಿಮುಕಿಸಿದ ಹಾಗೆ ಸೊರ್ರ್ ಅನ್ನುತ್ತೆ. ಸವೆದ ರೆಕಾರ್ಡೂ ಹೀಗೇ ಮಾಡುತ್ತೆ, ಅದಕ್ಕೆ ಮನೆಯಲ್ಲಿ ಚೆನ್ನಾಗಿ ಉಳಿದಿರೋದನ್ನೇ ಆರಿಸಿ.

— ಎರಡೂ ಸ್ಪೀಕರಿನಲ್ಲಿ ಒಂದೇ ಸದ್ದು ಬರುವ ಮೋನೊ ರೆಕಾರ್ಡ್ ಕೂಡ ಒಂದು ಇರಲಿ. ಹಾಡುವವರು ಎರಡು ಸ್ಪೀಕರಿನ ನಟ್ಟನಡುವೆ ನಿಂತ ಹಾಗೆ ಕೇಳಬೇಕು. ಒಂದು ಕಡೆ ವಾಲಿದರೆ ಎಡ, ಬಲ ಎರಡು ಚಾನೆಲ್ ಸಮ ಇಲ್ಲ ಅಂತ. ನಿಮಿಷಕ್ಕೆ 78 ಸುತ್ತಿನ ಹಳೇ ಅರಗಿನ ಪ್ಲೇಟು ಬೇಡ, ಅದಕ್ಕೆ ಅಗಲದ ಮುಳ್ಳೇ ಬೇರೆ.

— ಮೇಲಿನವರೆಲ್ಲ ಮರೆತರು: ಮತ್ತೆ ಸಿಗದ ರೆಕಾರ್ಡ್ ಒಯ್ಯಲೇಬೇಡಿ. ಅಂಗಡಿಯ ಡೆಮೊ ಮುಳ್ಳು ಎಷ್ಟು ಜನರ ಕೈ ಕಂಡಿದೆಯೋ! ಸವೆದ ಮುಳ್ಳು ಗೀರನ್ನೇ ಕೆತ್ತಿಬಿಡುತ್ತೆ.

— ಕೇಳಿದವನು ನಾನೇ. ಗಂಗೂಬಾಯಿಯವರದ್ದು ಎರಡು ಪ್ರತಿ ಇವೆ, ಒಂದನ್ನ ಚೀಲಕ್ಕೆ ಹಾಕಿದೆ. ಮೋನೊ ಒಂದು ಸಿಕ್ಕಿತು. ಮೂರನೆಯದು ಅಪ್ಪನಿಗೆ ಮದುವೆಯಲ್ಲಿ ಉಡುಗೊರೆ ಬಂದದ್ದು. ಅದನ್ನು ತಿರುಗಿ ಕಪಾಟಿಗೇ ಇಟ್ಟೆ.