ಅಪ್ಪಿ, ಮೊದಲು ಪಂಚಾಯಿತಿಯ ಮಳೆಮಾಪಕ ನೋಡಿ ಬಾ

ಅಪ್ಪಿ, ನಿನ್ನೆ ರಾತ್ರಿ ನೀನು ನಮ್ಮ ಮನೆಯವರ ಮೊಬೈಲ್ ಗುಂಪಿನಲ್ಲಿ ಹಾಕಿದ ಪ್ರಶ್ನೆಯನ್ನು ಈಗಷ್ಟೇ ಕೊಟ್ಟಿಗೆ ಕೆಲಸ ಮುಗಿಸಿ ಬಂದು ಓದಿದೆ. ಹೊಳೆಯಾಚೆಯ ಪಂಚಾಯಿತಿಯವರಿಗೆ ಅಡಿಕೆ ವಿಮೆಯ ಹಣ ಜಮಾ ಆಗಿದೆ, ನಮ್ಮ ಖಾತೆಗೆ ಬಿಡಿಗಾಸೂ ಬಂದಿಲ್ಲ, ಮಳೆಗೆ ಎಳೆಗಾಯಿ ಉದುರಿಸುವ ಕೊಳೆರೋಗ ಮಾತ್ರ ಎರಡೂ ಕಡೆ ಒಂದೇ ಸಮ ಬಂದಿತ್ತು, ಈ ವರ್ಷ ಕಟ್ಟಲೋ ಬಿಡಲೋ ಎಂದು ಕೇಳಿದ್ದೀಯೆ. ಅದರ ಕೆಳಗೆ ಸಣ್ಣಭಾವ 'ಬಿಟ್ಟುಬಿಡು, ಎಲ್ಲ ಮೋಸ' ಎಂದು ಬರೆದಿದ್ದಾರೆ. ಟೈಪ್ ಮಾಡಲು ಕುಳಿತರೆ ನನಗೆ ಮಧ್ಯಾಹ್ನವಾಗುತ್ತದೆ, ಅದಕ್ಕೇ ಬಾಯಲ್ಲೇ ಹೇಳುತ್ತಿದ್ದೇನೆ. ಉದ್ದವಾದರೂ ಪೂರ್ತಿ ಕೇಳು.

ಕಟ್ಟುವ ಬಿಡುವ ಮಾತು ಆಮೇಲೆ. ಇವತ್ತೇ ಪಂಚಾಯಿತಿ ಕಚೇರಿಯ ಹಿಂದಕ್ಕೆ ಹೋಗಿ ಆ ಮಳೆಮಾಪಕವನ್ನು ನೋಡಿ ಬಾ. ಅದು ಅಳೆದ ಮಳೆಯ ಮೇಲೆಯೇ ನಮ್ಮ ಅಡಿಕೆ ವಿಮೆಯ ಲೆಕ್ಕ. ದೂರದಿಂದ ನೋಡಿ ಬರಬೇಡ, ಹತ್ತಿರ ಹೋಗಿ ಅದರ ಬಾಯಿಯೊಳಗೆ ಇಣುಕಿ ನೋಡು. ಯಾಕೆ ಹೇಳುತ್ತೇನೆಂದರೆ, ಒಮ್ಮೆ ನಾನು ಅದನ್ನು ಕಂಡೂ ಸುಮ್ಮನೆ ಬಂದವಳು.

2019ರ ಮಾತು. ನಿನ್ನ ದೊಡ್ಡಪ್ಪ ತೀರಿಕೊಂಡ ಮೇಲೆ ಅದು ಎರಡನೇ ಮಳೆಗಾಲ. ತೋಟದ ಲೆಕ್ಕವೆಲ್ಲ ಆಗಷ್ಟೇ ನನ್ನ ಕೈಗೆ ಬಂದಿತ್ತು. ಪುನರ್ವಸು ಮಳೆ ಹೊಯ್ಯುತ್ತಿದ್ದ ಒಂದು ದಿನ ವಿಧವಾ ವೇತನದ ಕಾಗದ ಹಿಡಿದು ಪಂಚಾಯಿತಿಗೆ ಹೋಗಿದ್ದೆ. ಪಿಡಿಒ ಇನ್ನೂ ಬಂದಿರಲಿಲ್ಲ. ಹಿಂಬಾಗಿಲಿನ ಮೆಟ್ಟಿಲ ಮೇಲೆ ಕೊಡೆ ಹಿಡಿದು ನಿಂತಿದ್ದೆ. ಎರಡು ಮಾರು ದೂರದಲ್ಲಿ, ತಂತಿಬೇಲಿಯೊಳಗೆ ಆ ಯಂತ್ರ. ಮೇಲೆ ಹಲಸಿನ ಟೊಂಗೆ ಚಾಚಿಕೊಂಡಿತ್ತು. ಡಬ್ಬಿಯ ಬಾಯಲ್ಲಿ ಕಂದು ತಿರುಗಿದ ಎರಡು ಹಲಸಿನೆಲೆ ಒಂದರ ಮೇಲೊಂದು ಅಂಟಿ ಕುಳಿತಿದ್ದವು. ಅವುಗಳ ಮೇಲೆ ನೀರು ಮಡುಗಟ್ಟಿ, ಹೊಸ ಹನಿ ಬಿದ್ದಾಗಲೆಲ್ಲ ಅಂಚಿನಿಂದ ಹೊರಕ್ಕೆ ಚೆಲ್ಲುತ್ತಿತ್ತು. ಬೇಲಿಯ ಬಳ್ಳಿ ಕಂಬ ಹತ್ತಿ ಸೌರಫಲಕದ ಅರ್ಧವನ್ನು ಮುಚ್ಚಿತ್ತು. ನಾನು ಅದನ್ನು ನೋಡುತ್ತಲೇ ಅರ್ಧ ಗಂಟೆ ನಿಂತಿದ್ದೆ ಅಪ್ಪಿ. ಸರ್ಕಾರದ ಯಂತ್ರ, ನೋಡಿಕೊಳ್ಳುವವರು ಯಾರಾದರೂ ಇರುತ್ತಾರೆ ಎಂದುಕೊಂಡು ಸಹಿ ಹಾಕಿಸಿಕೊಂಡು ಮನೆಗೆ ಬಂದೆ.

ಆ ಡಬ್ಬಿಯೊಳಗೆ ಇರುವುದು ಏತದಂತೆ ಆಚೆ ಈಚೆ ವಾಲುವ ಎರಡು ಪುಟ್ಟ ಬಟ್ಟಲು. ಒಂದು ತುಂಬಿ ಮಗುಚಿದರೆ ಇಷ್ಟು ಮಳೆ ಎಂದು ಲೆಕ್ಕ. ಆ ಲೆಕ್ಕ ಹದಿನೈದು ನಿಮಿಷಕ್ಕೊಮ್ಮೆ ಬೆಂಗಳೂರಿನ ಯಲಹಂಕದಲ್ಲಿರುವ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರಕ್ಕೆ ಹೋಗುತ್ತದೆ. ಬಾಯಿಗೆ ಎಲೆ ಅಡ್ಡವಾದರೆ ಬಟ್ಟಲಿಗೆ ನೀರಿಲ್ಲ, ಬಟ್ಟಲು ಮಗುಚದಿದ್ದರೆ ಅವರ ಪಾಲಿಗೆ ನಮ್ಮೂರಿನಲ್ಲಿ ಮಳೆಯೇ ಇಲ್ಲ. ಇದೆಲ್ಲ ನನಗೆ ಗೊತ್ತಾದದ್ದು ಮರುವರ್ಷ.

ಆ ಆಗಸ್ಟಿನಲ್ಲಿ ಆಶ್ಲೇಷ ಮಳೆ ಹೇಗೆ ಹೊಡೆಯಿತು ಎಂದು ನಿಮಗೆಲ್ಲ ನೆನಪಿದೆ. ರಾಜ್ಯವೇ ನೆರೆಯಲ್ಲಿ ಮುಳುಗಿತ್ತು. ನಮ್ಮ ಮನೆಯ ಕೆಳಗಿನ ಕಾಲುಸೇತುವೆ, ಆ ಸಂಕ, ತೇಲಿಹೋಯಿತು. ಕೊಳೆರೋಗದ ಮೊದಲ ಔಷಧಿಯನ್ನು ಜೂನ್ ಮೊದಲ ವಾರದಲ್ಲಿ ಹೊಡೆಸಿದ್ದೆ, ಎರಡನೆಯದಕ್ಕೆ ನಲವತ್ತು ದಿನ ದಾಟಿದರೂ ಮಳೆ ಬಿಡುವು ಕೊಡುವ ಹೊಳವೇ ಸಿಗಲಿಲ್ಲ. ಮೈಲುತುತ್ತ ಮತ್ತು ಸುಣ್ಣ ಅಟ್ಟದ ಮೇಲೆಯೇ ಉಳಿದವು. ಬೆಳಿಗ್ಗೆ ತೋಟಕ್ಕೆ ಇಳಿದರೆ ಎಳೆಗಾಯಿ ನೆಲದ ತುಂಬ, ಒಂದನ್ನು ಎತ್ತಿಕೊಂಡರೆ ತೊಟ್ಟಿನ ಹತ್ತಿರ ಬಿಳಿ ಬೂಸು, ಬೆರಳಿಗೆ ಲೋಳೆ. ಆ ವರ್ಷ ಅರ್ಧ ಬೆಳೆಯೂ ಮನೆಯಂಗಳ ಕಾಣಲಿಲ್ಲ.

ವಿಮೆ ಕಟ್ಟಿದ್ದೇನಲ್ಲ ಎಂಬ ಧೈರ್ಯವಿತ್ತು. ಮರುವರ್ಷ ಹಣ ಬಂದಾಗ ನೋಡಿದರೆ ಹೊಳೆಯಾಚೆಯವರಿಗೆ ಕೈತುಂಬ, ನಮಗೆ ಮರ ಹತ್ತಿ ಔಷಧಿ ಹೊಡೆಯುವ ಕೊನೆಗೌಡನ ಒಂದು ದಿನದ ಕೂಲಿಗೂ ಸಾಲದಷ್ಟು. ಕೇಳಲು ಕಚೇರಿಗೆ ಹೋದೆ. ಯಾವ ಕಚೇರಿ ಎಂದು ಇಲ್ಲಿ ಬೇಡ. ಅಲ್ಲಿದ್ದ ಹುಡುಗ ಒಳ್ಳೆಯವನೇ, ಕಂಪ್ಯೂಟರ್ ಪರದೆಯನ್ನು ನನ್ನ ಕಡೆಗೆ ತಿರುಗಿಸಿ ತೋರಿಸಿದ. ಸಂಕ ತೇಲಿಹೋದ ದಿನ ಹೊಳೆಯಾಚೆ 168 ಮಿಲಿಮೀಟರ್, ನಮ್ಮ ಪಂಚಾಯಿತಿಯಲ್ಲಿ 11. 'ಇದು ಸುಳ್ಳು, ಅವತ್ತು ನಮ್ಮ ಸಂಕವೇ ಹೋಯಿತು' ಎಂದೆ. ಅವನು 'ಅಮ್ಮ, ಯಂತ್ರ ಕೆಟ್ಟಿದೆ ಎಂದು ಆಗ ಬರೆದುಕೊಟ್ಟಿದ್ದಿರಾ? ಫೋಟೋ ಇದೆಯಾ?' ಎಂದು ಕೇಳಿದ. ಏನು ಹೇಳಲಿ? ಆ ಎರಡು ಹಲಸಿನೆಲೆ ಕಣ್ಣ ಮುಂದೆ ಬಂದವು. ಅಲ್ಲಿಂದ ಬಸ್ ನಿಲ್ದಾಣದವರೆಗೆ ಅಳುತ್ತಲೇ ನಡೆದೆ. ನನ್ನೊಬ್ಬಳ ಹಣವಲ್ಲ ಅದು, ಇಡೀ ಪಂಚಾಯಿತಿಯ ಅಡಿಕೆಯವರದ್ದು. ನಾನು ಅವತ್ತು ಬಾಯಿಬಿಟ್ಟು ಒಂದು ಮಾತು ಹೇಳಿದ್ದರೆ ಯಾರಾದರೂ ಕೋಲಿನಿಂದ ಆ ಎಲೆ ತೆಗೆಯುತ್ತಿದ್ದರು.

ಅದಕ್ಕೇ ಮತ್ತೆ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡ. ಹೋಗಿ ಮಳೆಮಾಪಕವನ್ನು ನೋಡು. ಎಲೆ, ಕಸ, ಜೇಡರ ಬಲೆ, ಮೇಲೆ ಚಾಚಿದ ಟೊಂಗೆ, ಏನಿದ್ದರೂ ದಿನಾಂಕ ಕಾಣುವ ಹಾಗೆ ಫೋಟೋ ತೆಗೆ. ನೀನೇ ಕೈ ಹಾಕಬೇಡ, ಯಂತ್ರ ಮುಟ್ಟಿದವನು ಎಂಬ ಮಾತು ಬರುವುದು ಬೇಡ. ಪಿಡಿಒಗೆ ಬಿಳಿ ಹಾಳೆಯಲ್ಲಿ ಅರ್ಜಿ ಬರೆದು ಕೊಡು, ಇನ್ನೊಂದು ಪ್ರತಿಗೆ ಸ್ವೀಕೃತಿ ಮೊಹರು ಹಾಕಿಸಿಕೊಂಡು ಬಾ. ತೋಟಗಾರಿಕೆ ಇಲಾಖೆಗೂ ಒಂದು ಪ್ರತಿ ಕೊಡು. ಹದಿನೈದು ದಿನಕ್ಕೊಮ್ಮೆ ಮತ್ತೆ ಹೋಗಿ ನೋಡು. ನಮ್ಮ ತೋಟ ನೋಡಲು ವಿಮೆಯವರು ಯಾರೂ ಬರುವುದಿಲ್ಲ ಅಪ್ಪಿ. ಕಾಯಿ ಉದುರಿದ್ದನ್ನು ತೋರಿಸಿ ಉಪಯೋಗವಿಲ್ಲ. ಅಡಿಕೆ, ಕಾಳುಮೆಣಸಿನದು ಹವಾಮಾನ ಆಧಾರಿತ ವಿಮೆ, ಆ ಡಬ್ಬಿ ಹೇಳಿದ್ದೇ ಲೆಕ್ಕ.

ಸಣ್ಣಭಾವ, ನೀವು ಹಿರಿಯರು, ಎದುರು ಮಾತನಾಡುತ್ತಿದ್ದೇನೆ ಎಂದುಕೊಳ್ಳಬೇಡಿ. ಎಲ್ಲ ಮೋಸ ಎಂದು ಒಂದೇ ಸಾಲಿನಲ್ಲಿ ಬರೆದಿರಿ. ಹೊಳೆಬದಿಯ ಹದಿನೆಂಟು ಗುಂಟೆ ಇವತ್ತಿಗೂ ಮಾವನವರ ಹೆಸರಿನಲ್ಲೇ ಇದೆ. ಅವರು ಹೋಗಿ ಹದಿನಾಲ್ಕು ವರ್ಷವಾಯಿತು. ವಾರಸುದಾರರ ಹೆಸರಿಗೆ ಪೌತಿ ಖಾತೆ ಮಾಡಿಸೋಣ, ಒಂದು ದಿನ ಬಂದು ಸಹಿ ಹಾಕಿ ಎಂದು ನಾನು ಎಷ್ಟು ಸಲ ಫೋನ್ ಮಾಡಿದ್ದೇನೆ? ಚೌತಿಗೆ ಬರುತ್ತೀರಿ, ಪಂಚಕಜ್ಜಾಯ ತಿಂದು, ಅಡಿಕೆ ಪಾಲಿನ ಹಣ ಎಣಿಸಿಕೊಂಡು ಮರುದಿನದ ಬಸ್ಸಿಗೆ ಹೊರಡುತ್ತೀರಿ. ತಹಶೀಲ್ದಾರರ ಕಚೇರಿಗೆ ಹೋಗೋಣ ಎಂದರೆ ರಜೆ ಇಲ್ಲ. ತೀರಿಕೊಂಡವರ ಹೆಸರಿನ ಪಹಣಿಗೆ ವಿಮೆ ಕಟ್ಟುವುದು ಹೇಗೆ? ಆ ಹದಿನೆಂಟು ಗುಂಟೆಗೆ ಒಂದೇ ಒಂದು ವರ್ಷವೂ ಕಟ್ಟಲಾಗಿಲ್ಲ. 2019ರಲ್ಲಿ ಅಲ್ಲಿಯೇ ಅತಿ ಹೆಚ್ಚು ಕೊಳೆ ಬಂದದ್ದು. ಉದುರಿದ ಕಾಯಿ ಹೆಕ್ಕಿದವಳು ನಾನು, ಔಷಧಿಯ ಸಾಲ ತೀರಿಸಿದವಳು ನಾನು. ಆಗ ಯಾರೂ ಈ ಗುಂಪಿನಲ್ಲಿ 'ಅತ್ತಿಗೆ, ಹೇಗಿದ್ದೀರಿ' ಎಂದು ಕೇಳಲಿಲ್ಲ. ಎಲ್ಲಿಯದೋ ಚಂಡಮಾರುತದ ಹಳೆಯ ವಿಡಿಯೋ ಮಾತ್ರ ದಿನಕ್ಕೆ ನಾಲ್ಕು ಬರುತ್ತಿತ್ತು. ಅದನ್ನು ನೋಡಿ ನಾನು ಔಷಧಿ ಹೊಡೆಸುವುದೋ ಬಿಡುವುದೋ? ಕೊನೆಗೌಡ ವರ್ಷಕ್ಕೆ ಎರಡು ಸಲ ಸಿಗುವುದೇ ಕಷ್ಟ, ಬಂದ ದಿನ ಮಳೆ ಹೊಡೆದರೆ ಅವನ ಕೂಲಿಯೂ ಹೋಯಿತು, ಔಷಧಿಯೂ ಹೋಯಿತು. ಈ ಸಲ ಚೌತಿಗೆ ಬಂದಾಗ ಎರಡು ದಿನ ಹೆಚ್ಚು ಉಳಿಯಿರಿ ಭಾವ. ಆಧಾರ್ ತೆಗೆದುಕೊಂಡು ಬನ್ನಿ.

ಅಯ್ಯೋ, ಅಪ್ಪಿ ಕೇಳಿದ್ದು ಕಟ್ಟಬೇಕೋ ಬೇಡವೋ ಎಂದು. ಕಟ್ಟು. ಅಡಿಕೆಗೆ ಹೆಕ್ಟೇರಿಗೆ 1,28,000 ರೂಪಾಯಿ ವಿಮಾ ಮೊತ್ತ, ನಮ್ಮ ಪಾಲು ಶೇಕಡಾ 5, ಅಂದರೆ 6,400. ಉಳಿದ ಕಂತನ್ನು ಸರ್ಕಾರಗಳು ಭರಿಸುತ್ತವೆ. ನಿನ್ನ ಒಂದು ಎಕರೆಗೆ 2,600ರ ಹತ್ತಿರ ಆಗುತ್ತದೆ. ಕಾಳುಮೆಣಸಿಗೆ ಹೆಕ್ಟೇರಿಗೆ 47,000, ಕಂತು 2,350. ನಾನು ಕಟ್ಟುತ್ತಾ ಬಂದ ದರ ಇದು, ಈ ವರ್ಷದ್ದನ್ನು ಸೊಸೈಟಿಯಲ್ಲಿ ಕೇಳಿಕೋ. ಕೊನೆಯ ದಿನಾಂಕವನ್ನೂ ಅಲ್ಲಿಯೇ ಕೇಳು, ಅದು ವರ್ಷದಿಂದ ವರ್ಷಕ್ಕೆ ಬದಲಾಗುತ್ತದೆ, ಕೊನೆಯ ದಿನದವರೆಗೆ ಕಾಯಬೇಡ. ರಸೀದಿ ಕೊಟ್ಟ ಕೂಡಲೇ ಅಲ್ಲಿಯೇ ನಿಂತು ಓದು. ಸರ್ವೆ ನಂಬರ್, ವಿಸ್ತೀರ್ಣ, ಬೆಳೆಯ ಹೆಸರು, ಪಂಚಾಯಿತಿಯ ಹೆಸರು, ನಾಲ್ಕೂ ಸರಿ ಇರಬೇಕು. ಬೆಳೆ ಸಮೀಕ್ಷೆಯಲ್ಲಿಯೂ ಅಡಿಕೆ ಎಂದೇ ಇದೆಯೇ ನೋಡು. ಅಲ್ಲಿ ಒಂದು, ಇಲ್ಲಿ ಒಂದು ಇದ್ದರೆ ಅರ್ಜಿಯನ್ನೇ ತಳ್ಳಿಹಾಕುತ್ತಾರೆ. ಗದ್ದೆಯ ಭತ್ತದ್ದು ಬೇರೆ ಯೋಜನೆ, ಅದಕ್ಕೆ ಶೇಕಡಾ 2. ಗದ್ದೆಯ ಬೆಳೆಗೆ ಹಾನಿಯಾದರೆ 72 ಗಂಟೆಯೊಳಗೆ ತಿಳಿಸಬೇಕು. ಇವೆರಡನ್ನೂ ಕಲಸಿಕೊಳ್ಳಬೇಡ.

ಇನ್ನೊಂದು. ಔಷಧಿಗೆ ಹೊಳವು ಹುಡುಕುವಾಗ ಗುಂಪಿನ ವಿಡಿಯೋ ನೋಡಬೇಡ, ಮಳೆಯ ಮಾಹಿತಿ ಹೇಳುವ ವರುಣ ಮಿತ್ರ ಸಹಾಯವಾಣಿಗೆ ಫೋನ್ ಮಾಡು. 92433 45433, ಅದೇ ಯಲಹಂಕದ ಕೇಂದ್ರದ್ದು, ಹಗಲೂ ರಾತ್ರಿಯೂ ಎತ್ತುತ್ತಾರೆ. ನಮ್ಮ ಪಂಚಾಯಿತಿಯಲ್ಲಿ ನಿನ್ನೆ ಎಷ್ಟು ಮಳೆ ದಾಖಲಾಗಿದೆ ಎಂದೂ ಅಲ್ಲಿಯೇ ಕೇಳು. ಅದನ್ನು ನಿನ್ನ ಅಳತೆಗೆ ಹೋಲಿಸು. ನೇರ ಗೋಡೆಯ ಡಬ್ಬಿಯೊಂದನ್ನು ಅಂಗಳದ ನಡುವೆ, ಮಾಡಿನ ನೀರು ತಾಗದ ಕಡೆ ಇಡು, ಬುಡ ಮತ್ತು ಬಾಯಿ ಒಂದೇ ಅಗಲ ಇರಬೇಕು. ಬೆಳಿಗ್ಗೆ ಎಂಟೂವರೆಗೆ ಸ್ಕೇಲ್ ಇಳಿಸಿ ಅಳೆದರೆ ನೀರಿನ ಎತ್ತರವೇ ಮಿಲಿಮೀಟರ್. ಎಂಟೂವರೆಗೇ ಏಕೆಂದರೆ ಕೇಂದ್ರದವರ ಮಳೆ ಲೆಕ್ಕದ ದಿನವೂ ಆಗಲೇ ಬದಲಾಗುವುದು. ನಮ್ಮ ಡಬ್ಬಿಯ ಲೆಕ್ಕವನ್ನು ವಿಮೆಯವರು ಒಪ್ಪುವುದಿಲ್ಲ, ಆದರೆ ಎರಡರ ನಡುವೆ ಅಜಗಜಾಂತರ ಕಂಡ ದಿನವೇ ಅರ್ಜಿ ಬರೆಯಬಹುದು. ನಾನು 2020ರಿಂದ ಒಂದು ದಿನವೂ ಬಿಡದೆ ಬರೆದಿದ್ದೇನೆ, ಪುಸ್ತಕ ದೇವರ ಕೋಣೆಯ ಗೂಡಿನಲ್ಲಿದೆ, ಬಂದರೆ ತೋರಿಸುತ್ತೇನೆ.

ಈಗ ಎದ್ದು ಪಂಚಾಯಿತಿಗೆ ಹೊರಡು, ಫೋಟೋ ತೆಗೆದು ಇಲ್ಲಿಯೇ ಹಾಕು. ನಮ್ಮ ಅಂಗಳದಲ್ಲಿ ಇವತ್ತು ಬೆಳಿಗ್ಗೆ 43 ಮಿಲಿಮೀಟರ್ ಇತ್ತು. ಅವರಲ್ಲಿ ಎಷ್ಟಿದೆ ಎಂದು ಕೇಳಿ ಹೇಳು.