ಅಪ್‌ಡೇಟ್: ಬೋಟಿನ ಪೆಟ್ರೋಲ್ ಲೆಕ್ಕ ಕೊನೆಗೂ ಸಿಕ್ಕಿತು

ಕಾರವಾರದಲ್ಲಿರುವ ನನ್ನ 40 ಎಚ್‌ಪಿ ಔಟ್‌ಬೋರ್ಡ್ (ಹಿಂಬದಿಯಲ್ಲಿ ಹೊರಗೆ ಇಂಜಿನ್ ಕೂರಿಸಿದ) ಬೋಟಿನ ಪೆಟ್ರೋಲ್ ಮುಳ್ಳು ಅರ್ಧದವರೆಗೆ ನಿಧಾನಕ್ಕೆ ಇಳಿದು, ಆಮೇಲೆ ಸರ್ರನೆ ಖಾಲಿ ತೋರಿಸುತ್ತದೆ ಅಂತ ಕೇಳಿದ್ದೆನಲ್ಲ, ಅದರ ಮುಂದಿನ ಕಥೆ ಇದು.

ಸೆಂಡರ್ (ಟ್ಯಾಂಕಿನೊಳಗಿನ ಮಟ್ಟವನ್ನು ಮುಳ್ಳಿಗೆ ತಿಳಿಸುವ ಸಾಧನ) ಕೆಟ್ಟಿರಬಹುದು ಅಂತ ಹಲವರು ಹೇಳಿದ್ದಿರಿ. ಮಲ್ಟಿಮೀಟರ್ ಇಟ್ಟು ನೋಡಿದೆ. ಅದರ ವಿದ್ಯುತ್ ರೋಧ ಟ್ಯಾಂಕ್ ಖಾಲಿಯಿದ್ದಾಗ 240 ಓಮ್, ಭರ್ತಿಯಿದ್ದಾಗ 33ರ ಹತ್ತಿರ. ಅಮೆರಿಕನ್ ಮಾದರಿಯ ಸೆಂಡರ್‌ಗೆ ಇದು ಸರಿಯಾದ ಅಳತೆಯೇ. ತಕರಾರು ಇರುವುದು ಟ್ಯಾಂಕಿನ ಆಕಾರದಲ್ಲಿ. ತಳ ಕಿರಿದು, ಮೇಲೆ ಅಗಲ. ಸೆಂಡರ್‌ನ ಫ್ಲೋಟ್ (ಪೆಟ್ರೋಲ್ ಮೇಲೆ ತೇಲುವ ಭಾಗ) ಅಳೆಯುವುದು ಎತ್ತರವನ್ನು, ಲೀಟರನ್ನಲ್ಲ. ಮುಳ್ಳು ಅರ್ಧ ಅಂದಾಗ ಒಳಗೆ ಅರ್ಧಕ್ಕಿಂತ ಕಡಿಮೆಯೇ ಇರುತ್ತದೆ. ಅಲೆಗೆ ಬೋಟ್ ಕುಣಿದರೆ ಮುಳ್ಳೂ ಕುಣಿಯುತ್ತದೆ.

ಹಾಗಾಗಿ ಪೈಪಿನಲ್ಲಿ ಹರಿಯುವ ಪೆಟ್ರೋಲನ್ನು ಅಳೆಯುವ ಫ್ಲೋ ಮೀಟರ್ ಹಾಕಿಸಿದೆ. ಟ್ಯಾಂಕ್ ಭರ್ತಿ ಮಾಡಿ, ಓಡಿಸಿ, ಮತ್ತೆ ಅದೇ ಮಟ್ಟಕ್ಕೆ ತುಂಬಿಸಿದೆ. ತುಂಬಿದ ಲೀಟರಿಗೂ ಮೀಟರ್ ತೋರಿಸಿದ್ದಕ್ಕೂ ಇದ್ದ ವ್ಯತ್ಯಾಸವನ್ನು ಸೆಟಿಂಗ್‌ನಲ್ಲಿ ಸರಿಪಡಿಸಿದೆ. ಈಗ ಎರಡೂ ಹತ್ತಿರ ಹತ್ತಿರ ಬರುತ್ತವೆ. ಆದರೆ ಇದು ಇಂಜಿನ್‌ಗೆ ಹೋದದ್ದನ್ನು ಮಾತ್ರ ಎಣಿಸುತ್ತದೆ. ಎಷ್ಟು ತುಂಬಿಸಿದೆ ಅಂತ ಪ್ರತಿ ಸಲ ನಾವೇ ಹೇಳಬೇಕು. ಪೈಪ್ ಸೋರಿದರೆ, ಅಥವಾ ಯಾರಾದರೂ ಬೈಕಿಗೆ ಅಂತ ಒಂದು ಬಾಟಲಿ ಎತ್ತಿಕೊಂಡರೆ ಅದಕ್ಕೆ ಗೊತ್ತಾಗುವುದಿಲ್ಲ. (ನಮ್ಮನೆಯಲ್ಲಿ ಅಂಥವರಿದ್ದಾರೆ!)

ಪೂರ್ತಿ ಥ್ರಾಟಲ್‌ನಲ್ಲಿ ಗಂಟೆಗೆ ಸುಮಾರು 15 ಲೀಟರ್ ಕುಡಿಯುತ್ತದೆ. ಸಮುದ್ರದ ಇಳಿತದ ಹೊತ್ತಲ್ಲಿ ಕಾಳಿ ನದಿಯ ಬಾಯಿಂದ ಒಳಗೆ, ಹರಿವಿಗೆ ಎದುರಾಗಿ ವಾಪಸ್ ಬರುವಾಗ ಅದೇ ದೂರಕ್ಕೆ ಜಾಸ್ತಿ ಬೇಕು. ಅದಕ್ಕೇ ಟ್ಯಾಂಕಿನ ಪೆಟ್ರೋಲಿನಲ್ಲಿ ಹೋಗಲು ಮೂರನೇ ಒಂದು ಪಾಲು, ಬರಲು ಇನ್ನೊಂದು, ಉಳಿದದ್ದನ್ನು ಮುಟ್ಟುವುದಿಲ್ಲ. ಹಳೆ ಮುಳ್ಳನ್ನೂ ಕಿತ್ತಿಲ್ಲ. ಸೋರಿಕೆ ಆದರೆ ಸುಳಿವು ಕೊಡುವುದು ಅದೇ ಅಲ್ವಾ?